ಏಳೂಕಾಲು ಇಂಚು

ಬನ್ನಿ ಮಿಸ್ಟರ್ ಡಕ್‌ವರ್ತ್, ತಲೆ ಜೋಪಾನ,
ಈ ಗರಾಜಿನ ಬಾಗಿಲು ನನ್ನ ಎತ್ತರಕ್ಕೆ ಮಾಡಿದ್ದು.
ಇಗೋ, ಟಾರ್ಪಾಲಿನಡಿ ಕೂತಿದೆ.
ಹಳಿಯಿಂದ ಹಳಿಗೆ ಏಳೂಕಾಲು ಇಂಚು,
ತೂಕ ಮಾತ್ರ ಮೂವರು ದಪ್ಪ ಪಾದ್ರಿಗಳಷ್ಟು.

ಆಟಿಕೆ ಅಂದಿರಿ ಫೋನಿನಲ್ಲಿ. ಇರಲಿ.
ನನ್ನ ಗಂಡನೂ ಹಾಗೇ ಅನ್ನುತ್ತಿದ್ದ,
ಉಗಿಯ ಒಂದೆಳೆ ಅವನ ಮೊಣಕೈ ಮುಟ್ಟುವವರೆಗೆ.

ಮಾಡಿದ್ದು ನಾನೇ. ಹೌದು, ನಾನೇ.
ಆಕ್ರಿಂಗ್ಟನ್ನಿನ ಮಗ್ಗದ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತ ಕಾಲು ಇವು.
ಬೀಗ ಹಾಕಿದ ದಿನ ಎಲ್ಲರಿಗೂ ಗಡಿಯಾರ ಹಂಚಿದರು;
ನಾನು ಲೇತನ್ನೇ ಕೇಳಿದೆ.
ಮ್ಯಾನೇಜರು ನಕ್ಕ. ನಕ್ಕು, ಕೊಟ್ಟ.
ಆಮೇಲೆ ಹತ್ತೊಂಬತ್ತು ಚಳಿಗಾಲ:
ಚಕ್ರಕ್ಕೆ ಎರಡು, ಸಿಲಿಂಡರಿಗೆ ಮೂರು,
ಒಂದು ಪೂರಾ ಚಳಿಗಾಲ ಬರೀ ತಪ್ಪಿಗೆ.

ಬಾಯ್ಲರು ತಾಮ್ರದ್ದು. ತಟ್ಟಿ ನೋಡಿ, ಸಂಕೋಚ ಬೇಡ.
ಸರ್ಟಿಫಿಕೇಟು ಮಾರ್ಚಿಗೇ ಮುಗಿದಿದೆ,
ಅದನ್ನು ಜಾಹೀರಾತಿನಲ್ಲೇ ಬರೆದಿದ್ದೆ.
ಬರೆಯದೆ ಬಿಟ್ಟದ್ದು ಒಂದಿದೆ.
ಎಡಗಡೆಯ ವಾಲ್ವು ತುಸು ತಡ.
ಕಿವಿಗೊಟ್ಟರೆ ತಿಳಿಯುತ್ತದೆ: ಛಫ್, ಛಫ್, ಛಫ್,
ಆಮೇಲೆ, ಯೋಚನೆ ಮಾಡಿದಂಥ
ಒಂದು ಛಫ್.

ಕೈಲಾಗದೆ ಬಿಟ್ಟದ್ದಲ್ಲ.
ಬಾತುಕೋಳಿ ಕೊಳದ ಸುತ್ತ ನಮ್ಮ ಕ್ಲಬ್ಬಿನ ಹಳಿ;
ಅಲ್ಲಿ ಬೆಂಚಿನ ಮೇಲೆ ಕಣ್ಣಿಲ್ಲದ ಈನಕ್
ದೂರದಿಂದಲೇ ಕೂಗುತ್ತಿದ್ದ, 'ಹೆಸ್ಟರ್ ಬಂದಳು!'
ಹನ್ನೊಂದು ಇಂಜಿನ್ನುಗಳ ನಡುವೆ
ಆ ಕುಂಟನ್ನು ಹಿಡಿದು.
ಅವನು ಹೋದ ಮೇಲೂ ಸ್ಪ್ಯಾನರ್ ಎತ್ತಲು
ಮನಸ್ಸಾಗಲಿಲ್ಲ.

ಮಾರುವುದು ಯಾಕೆ ಎಂದು ನೀವು ಕೇಳಲಿಲ್ಲ, ಸಭ್ಯರು.
ಮಂಡಿ. ಟೆಂಡರಿನ ಮೇಲೆ ಕೂರಲು
ಕಾಲು ಮಡಚಬೇಕು; ಈಚೆಗೆ ಮಡಚಿದ್ದು ಬಿಚ್ಚುವುದಿಲ್ಲ.
ಹೋದ ಮೇ ತಿಂಗಳು ಇಬ್ಬರು ಹುಡುಗರು
ನನ್ನನ್ನು ಮೂಟೆಯಂತೆ ಎತ್ತಿ ಇಳಿಸಿದರು.
ಅಷ್ಟೇ. ಅದಕ್ಕಿಂತ ದೊಡ್ಡ ಕಥೆ ಇಲ್ಲ.

ಐನೂರು ಪೌಂಡು ಬಿಡಿ ಅನ್ನುತ್ತೀರಾ?
ಇನ್ನೂರು ಬಿಟ್ಟೆ. ಉಳಿದ ಮುನ್ನೂರಕ್ಕೆ
ಒಂದು ಚೀಲ ಕಲ್ಲಿದ್ದಲು,
ಅಮ್ಮನ ಸಕ್ಕರೆ ಚಮಚ ಬಗ್ಗಿಸಿ ಮಾಡಿದ ಈ ಸಲಿಕೆ,
ಮತ್ತೊಂದು ಮಾತು:
ಗಾಜಿನ ನಳಿಗೆಯಲ್ಲಿ ನೀರು ಕಾಣುವ ತನಕ ಬೆಂಕಿ ಹಚ್ಚಬೇಡಿ.
ಮಕ್ಕಳು ಎಷ್ಟೇ ಕುಣಿಯಲಿ.

ಹಲಗೆ ಇಡಿ ವ್ಯಾನಿಗೆ. ಮೆಲ್ಲಗೆ.
ಅಯ್ಯೋ, ಚಿಮಣಿ ಹಿಡಿದು ಎಳೆಯಬೇಡಿ,
ಅದೇನು ಮೊಲದ ಕಿವಿಯೇ?

ಹಗ್ಗ ಬಿಗಿಯುತ್ತಿರಿ ನೀವು, ನಾನು ಬಂದೆ.

ಏನಮ್ಮಾ, ವ್ಯಾನಿನಲ್ಲೇ ಕೂತುಬಿಟ್ಟೆ? ಎಂಟು ವರ್ಷವೇ?
ಗ್ಲೌಸು ತೆಗೆ. ಕೈ ಇಡು ಇಲ್ಲಿ.
ತಣ್ಣಗಿದೆ ಈಗ. ನಾಳೆ ಹೀಗೆ ಮುಟ್ಟಿದರೆ
ಬೊಬ್ಬೆ ಬರುತ್ತದೆ, ನೆನಪಿಟ್ಟುಕೋ.
ಇನ್ನೊಂದು, ಮೆತ್ತಗೆ ಹೇಳುತ್ತೇನೆ:
ಎಡಗಡೆ ಕುಂಟುತ್ತದೆ ಇದು. ನಿನ್ನಪ್ಪ
ಮನೆಗೆ ಹೋದ ಕೂಡಲೆ ಸರಿಮಾಡುತ್ತಾರಂತೆ.
ಸ್ಪ್ಯಾನರ್ ಎಲ್ಲಿಡುತ್ತಾರೆ
ನಿನಗೆ ಗೊತ್ತಲ್ಲ?