ಲಾಡಿಯ ಗುರುತು

ಚಿಂತಾಮಣಿಯಲ್ಲಿ ಹೊಲಿಗೆ ಅಂಗಡಿ ತೆರೆದ ವರ್ಷ
ಬಾಗಿಲ ಮುಂದೆ ನೆಟ್ಟ ಮಾವು.
ಪ್ರತಿ ಯುಗಾದಿಗೆ ಬುಡಕ್ಕೊಂದು ಮಂಕರಿ ಕೆಮ್ಮಣ್ಣು,
ನಡುನಡುವೆ ಬಟ್ಟೆಚೂರು, ಸೋಸಿದ ಟೀಪುಡಿ,
ಸುತ್ತ ಇಟ್ಟಿಗೆ, ಇಟ್ಟಿಗೆಗೆ ಸುಣ್ಣ,
ಸುಣ್ಣದ ಮೇಲೆ ಕಾವಿಯ ಪಟ್ಟೆ.
ಮರಕ್ಕೂ ಕುಪ್ಪಸ ಹೊಲಿದಿದ್ದೀಯಲ್ಲೇ
ಎಂದು ನೋಡಿದವರು ಹೊಗಳಿದರು.

ಈ ಸಲ ಹೂ ಬಿಡಲಿಲ್ಲ.
ಬೀದಿ ಕಡೆಯ ಕೊಂಬೆ ತುದಿಯಿಂದ ಒಣಗುತ್ತ ಬಂತು.
ನಾನು ಇನ್ನೊಂದು ಮಂಕರಿ ಮಣ್ಣಿಗೆ ಹೇಳಿಕಳಿಸಿದೆ.

ಶ್ರೀನಿವಾಸಪುರದ ನರ್ಸರಿಯಲ್ಲಿ ಕಸಿ ಕಟ್ಟುವ ಪಿಳ್ಳಮ್ಮ
ರವಿಕೆ ಒಯ್ಯಲು ಬಂದವಳು
ರವಿಕೆ ನೋಡಲೇ ಇಲ್ಲ.
"ಯಾಕಮ್ಮಾ ಇದು ಲೈಟು ಕಂಬದಂಗೆ ನೆಲಕ್ಕೆ ಇಳಿದೈತೆ?
ಮರ ಅಂದರೆ ಆನೆಕಾಲಿನಂಗೆ ಅಗಲಿಸಿ ನಿಲ್ಲಬೇಕು.
ಇದರ ಕುತ್ತಿಗೆ ಎಲ್ಲಿ ಹೂತಿದ್ದೀಯ?"

ಕುತ್ತಿಗೆ!
ಹದಿನಾಲ್ಕು ವರ್ಷ ಊರ ಕುತ್ತಿಗೆಗಳನ್ನೆಲ್ಲ ಅಳೆದವಳು ನಾನು,
ಟೇಪಿನ ಒಳಗೆ ಎರಡು ಬೆರಳು ಇಟ್ಟೇ ಅಳೆಯುವವಳು.

ಸೆರಗು ಸಿಕ್ಕಿಸಿ ಕೂತಳು. ಗುದ್ದಲಿ ಬೇಡವೆಂದಳು.
ಮೊದಲು ಇಟ್ಟಿಗೆ. ಆಮೇಲೆ ಬೆರಳು, ಮುರಿದ ಸೌಟು.
ಗೇಣು ಇಳಿದರೆ ನನ್ನದೇ ಚೂರುಗಳು:
ಮಾಸದ ಪಾಲಿಸ್ಟರ್, ಯಾರದೋ ಮದುವೆಯ ಜರಿಯಂಚು.
ತೊಗಟೆ ಕಪ್ಪಗೆ, ಒದ್ದೆ,
ಹಿಂಡದೆ ಬಿಟ್ಟ ಬಟ್ಟೆಯ ವಾಸನೆ.

ಅದರ ಕೆಳಗೆ, ಕಾಂಡವನ್ನು ಬಳಸಿ,
ಮಣಿಕಟ್ಟಿನ ದಪ್ಪದ ಬೇರು.
ಹೊರಗೆ ಹೋಗಿಲ್ಲ. ಸುತ್ತಿದೆ, ಮತ್ತೆ ಸುತ್ತಿದೆ,
ಸಸಿಯಾಗಿ ಬಂದ ಕಪ್ಪು ಚೀಲದ ಅಳತೆಗೇ.
ಚೀಲ ಹರಿದೆಸೆದು ಹದಿನಾಲ್ಕು ವರ್ಷ.
ಬೇರಿಗೆ ಯಾರೂ ಹೇಳಿಲ್ಲ.

ಪಕ್ಕದ ಬಡಗಿ ಇಲಿಯಾಸನ ಉಳಿ ತಂದು
ಒಂದೊಂದೇ ಏಟು.
ಬೇರು ಬಿಟ್ಟಾಗ ಸದ್ದೇನೂ ಆಗಲಿಲ್ಲ.
ಎತ್ತಿದ ಜಾಗದಲ್ಲಿ ಕಾಂಡದ ಸುತ್ತ ಒಂದು ಹಳ್ಳ.
ನನ್ನ ಸೊಂಟದಲ್ಲೂ ಇದೆ ಅಂಥದ್ದು,
ಲಂಗದ ಲಾಡಿಯದ್ದು.
ಇಬ್ಬರೂ ನಕ್ಕೆವು.

"ಆ ಕಡೆ ಇನ್ನೊಂದು ಬಿಗಿದೈತೆ. ಇವತ್ತು ಬೇಡ,
ಎಲ್ಲಾ ಒಂದೇ ದಿನ ಬಿಚ್ಚಿದರೆ ತಡಕೊಳ್ಳಲ್ಲ.
ಬರೋ ವರ್ಷ ಮಳೆ ಬಿದ್ದ ಮೇಲೆ ಬರ್ತೀನಿ.
ಒಣ ಎಲೆ ಹಾಕು ಬೇಕಾದರೆ, ಮೊಳ ದೂರ.
ಮೈಗೆ ತಾಗಿಸಬೇಡ."

ಕೂಲಿ ಕೇಳಲಿಲ್ಲ. ರವಿಕೆ ತೊಟ್ಟು ನೋಡಿ
ಕುತ್ತಿಗೆ ಇನ್ನರ್ಧ ಇಂಚು ಬಿಡು ಅಂದಳು.

ಕೊಂಬೆ ಇನ್ನೂ ಒಣಗೇ ಇದೆ.
ಹೋಗಿಬರುವವರು ನಿಂತು ಬೈಯುತ್ತಾರೆ:
"ಬೇರು ಬತ್ತಲೆ ಬಿಟ್ಟಿದ್ದೀಯಲ್ಲೇ, ಮುಚ್ಚಬಾರದೇ?"
ಮಂಕರಿಯತ್ತ ಕೈ ಹೋಗುತ್ತದೆ.
ಹಿಂದಕ್ಕೆ ತಂದು
ಸೀಮೆಸುಣ್ಣ ಹಿಡಿಸುತ್ತೇನೆ.