ನೋವಾದರೆ ಎಡಗೈ ಎತ್ತಿ

ಜಯನಗರ ನಾಲ್ಕನೇ ಬ್ಲಾಕು, ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ.
ಮೊಮ್ಮಗಳ ವಯಸ್ಸಿನ ಡಾಕ್ಟರು
ನನ್ನ ಬಾಯೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು
'ಅಜ್ಜಾ, ಈ ಚಿನ್ನದ ಟೊಪ್ಪಿಗೆ ಯಾರು ಹಾಕಿದ್ದು?
ಇಂಥ ಕೆಲಸ ಈಗ ಯಾರೂ ಮಾಡಲ್ಲ' ಅಂದಳು.

ಬಾಯಿ ತುಂಬ ಹತ್ತಿ.
ಉತ್ತರ ಕೊಡದಿರಲು ಇದಕ್ಕಿಂತ ಒಳ್ಳೆಯ ಕಾರಣ
ಇಡೀ ಸರ್ವೀಸಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಹಾಕಿದವನು ಲ್ಯೂ ಷಿನ್ ಫಾ.
ಇಬ್ರಾಹಿಂ ಸಾಹೇಬ್ ಬೀದಿಯಲ್ಲಿ ಕಡಿದಾದ ಮರದ ಮೆಟ್ಟಿಲು,
ಹಸಿರು ಬೋರ್ಡಿನ ಮೇಲೆ ಕೆಂಪು ದವಡೆ.
ಹುಟ್ಟಿದ್ದು ಇಲ್ಲೇ, ಘೋಷಾ ಆಸ್ಪತ್ರೆಯಲ್ಲಿ;
ಅವನ ಕನ್ನಡಕ್ಕೆ ದಂಡಿನ ತಮಿಳಿನ ಒಗ್ಗರಣೆ.
'ಬಾಯಿ ತೆಗೀರಿ ಸ್ವಾಮಿ.
ನೋವಾದರೆ ಎಡಗೈ ಎತ್ತಿ, ನಿಲ್ಲಿಸಿಬಿಡ್ತೀನಿ.'
ಎತ್ತಿದೆ. ನಿಲ್ಲಿಸಿದ.
ಪ್ರತಿ ಸಲವೂ.

ಅರವತ್ತೆರಡರ ನವೆಂಬರು, ನನಗೆ ಮೂವತ್ತೊಂದು.
ವಿಧಾನಸೌಧದ ಕಲ್ಲಿಗೆ ಇನ್ನೂ ಉಳಿಯ ವಾಸನೆ.
ಕೈದಿಗಳೂ ಹೊತ್ತು ಕಟ್ಟಿದ ಕಟ್ಟಡ;
ಮುಗಿಸಿದವರಿಗೆ ಬಿಡುಗಡೆಯಾಯಿತಂತೆ.
ಅಲ್ಲಿ ಯುದ್ಧಕಾಲದ ಬಂಧನಗಳಿಗೆ ನಾನು ಕಾನೂನು ಸಲಹೆಗಾರ.
ಮೇಜು, ಫ್ಯಾನು, ಟೈಪಿಗೆ ಫಿಲೋಮಿನಾ,
ಕಿಟಕಿಯಾಚೆ ಅಠಾರಾ ಕಚೇರಿಯ ಕೆಂಪು.
ನಾನು ಯಾರಿಗೂ ಕೋಳ ಹಾಕಲಿಲ್ಲ.
ವಾಕ್ಯ ಬರೆದೆ.
'ಬಂಧನ' ಹೊಡೆದು 'ತಂಗುವಿಕೆ' ಮಾಡಿದೆ.
'ಮುಂದಿನ ಆದೇಶದವರೆಗೆ', ಆ ಎರಡು ಪದ ನನ್ನವೇ.
ಅವುಗಳಲ್ಲಿ ಎಷ್ಟು ಮಳೆಗಾಲ ಹಿಡಿಸುತ್ತವೆಂದು
ಅಳೆದು ನೋಡಿರಲಿಲ್ಲ.

ಒಳ್ಳೆಯದನ್ನೂ ಮಾಡಿದ್ದೇನೆ, ಕಡತದಲ್ಲಿದೆ:
ಹಸುಗೂಸಿಗೆ ಹಾಲಿನ ಪುಡಿ,
ತಲೆಗೊಂದು ಎರಡನೇ ಕಂಬಳಿ.
ಆ ಎರಡನೇ ಕಂಬಳಿಗಾಗಿ ಹಣಕಾಸಿನವರ ಜೊತೆ
ಹದಿನೇಳು ದಿನ ಗುದ್ದಾಡಿದೆ.
ಮೊದಲನೆಯ ಕಂಬಳಿ ಯಾಕೆ ಅಂತ ಅವರು ಕೇಳಲಿಲ್ಲ.
ನಾನೂ.

ಪಟ್ಟಿ ಬಂತು. ಕ್ರಮಸಂಖ್ಯೆ ಇಪ್ಪತ್ತಮೂರು, ದಂತವೈದ್ಯ.
ನಾಲಿಗೆ ತಾನಾಗಿ ದವಡೆಹಲ್ಲಿಗೆ ಹೋಯಿತು.
ಪೆನ್ನು ತಾನಾಗಿ ಗುರುತು ಹಾಕಿತು.

ಸಿಟಿ ಸ್ಟೇಷನ್ನಿಗೆ ಹೋಗಿದ್ದೆ, ರಾತ್ರಿ,
ನಿಯಮ ಪಾಲನೆಯಾಗುತ್ತಿದೆಯೇ ನೋಡಲು.
ಬಿಳಿ ಕೋಟಿಲ್ಲದೆ ಗುರುತು ಹತ್ತಲು ತಡವಾಯಿತು.
ರೈಲು ಅಲುಗಿತು.
ಕಿಟಕಿಯ ಸರಳಿನಾಚೆ ಅವನು ಎಡಗೈ ಎತ್ತಿದ.
ಬೀಳ್ಕೊಡುತ್ತಿದ್ದಾನೆ ಅಂದುಕೊಂಡು
ನಾನು ಬಲಗೈ ಎತ್ತಿದೆ.

ಅರವತ್ತೈದರಲ್ಲಿ ಅದೇ ನಮೂನೆ, ಹೆಸರುಗಳು ಬೇರೆ.
ಎಪ್ಪತ್ತೊಂದರಲ್ಲಿ ಅದೇ ನಮೂನೆ, ಕಾಗದ ಇನ್ನೂ ಚೆನ್ನ.
ಎಪ್ಪತ್ತೈದರಲ್ಲಿ ಯುದ್ಧ ಇರಲಿಲ್ಲ,
ನಮೂನೆ ಇತ್ತು.

ಅವನ ಬಿಡುಗಡೆ ಅರವತ್ತಾರರಲ್ಲಿ, ಒಂದೇ ಸಾಲು.
ಫಿಲೋಮಿನಾ ಟೈಪು ನಿಲ್ಲಿಸಿ ಕೇಳಿದಳು,
'ಮಾಡಿದ ತಪ್ಪು ಎಲ್ಲಿ ಹೊಡೆಯಲಿ ಸಾರ್?'
'ಅದಕ್ಕೆ ಕಾಲಂ ಇಲ್ಲಮ್ಮ.'
ಒಂದು ಸಂಜೆ ಆ ಮೆಟ್ಟಿಲು ಹತ್ತಿದೆ.
ಮೇಲೆ ದರ್ಜಿಯೊಬ್ಬ, ಬೋರ್ಡನ್ನು ಮಗುಚಿ
ಇಸ್ತ್ರಿ ಮೇಜು ಮಾಡಿಕೊಂಡಿದ್ದ.
ಬಂದದ್ದಕ್ಕೆ ಒಂದು ಪಂಚೆ ಅಂಚು ಹೊಲಿಸಿಕೊಂಡು ಬಂದೆ.

ನಿವೃತ್ತಿಯ ದಿನ ಗಂಧದ ಹಾರ, ಬೆಳ್ಳಿ ತಟ್ಟೆ.
'ಇವರು ಬರೆದ ಒಂದು ಆದೇಶವೂ ಕೋರ್ಟಿನಲ್ಲಿ ಬೀಳಲಿಲ್ಲ.'
ನಿಜ. ಒಂದೂ ಬೀಳಲಿಲ್ಲ.

'ಟೊಪ್ಪಿಗೆ ಗಟ್ಟಿಯಾಗೇ ಇದೆ ಅಜ್ಜಾ, ಒಳಗಿನ ಹಲ್ಲು ಹೋಗಿದೆ.'
ಕಿತ್ತಳು. ನೋವಿರಲಿಲ್ಲ,
ಈಗ ಔಷಧಿ ಒಳ್ಳೆಯದು.
ಚಿನ್ನವನ್ನು ಪುಟ್ಟ ಲಕೋಟೆಗೆ ಹಾಕಿ
'ಹೆಸರು ಏನಂತ ಬರೀಲಿ?' ಅಂದಳು.
ಮರಗಟ್ಟಿದ ತುಟಿಯಲ್ಲೇ ಹೇಳಿದೆ, ಲ್ಯೂ.
'ಲೀಲಾನಾ? ಅಜ್ಜಿ ಹೆಸರಾ?'
ಬರೆದೂ ಬಿಟ್ಟಳು.
ಆಯುಷ್ಯವಿಡೀ ಬೇರೆಯವರ ಕರಡು ತಿದ್ದಿದವನು
ಸುಮ್ಮನೆ ಇಸಕೊಂಡೆ.

ಕೆಳಗೆ ಆಟೋದವನು ಮೀಟರಿನ ಮೇಲೆ ಇಪ್ಪತ್ತು ಕೇಳಿದ.
ಎಡಗೈಯಲ್ಲಿ ಲಕೋಟೆ ಇತ್ತು.