ದಂತ್ಯಾಕ್ಷರಗಳು

ಗುರುವಾರ ಸಂಜೆ ಏಳಕ್ಕೆ, ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ
ವೆಲ್ಷ್ ಛಂದಸ್ಸಿನ ತರಗತಿ. ಬಂದವರು ಒಂಬತ್ತು ಜನ,
ಮೂವರಿಗೆ ಕಿವಿ ಮಂದ.
ಹೀಟರು ಟಿಕ್ಕೆನ್ನುತ್ತ ತನ್ನದೇ ತಾಳ ಹಾಕುತ್ತಿತ್ತು.
ಕಿಟಕಿಯಾಚೆ ಬ್ಲೈನೈ ಊರಿನ ಕಲ್ಲುಗುಡ್ಡೆ,
ಒಡೆದು ಬಿಸಾಡಿದ ಸ್ಲೇಟಿನ ಚೂರು, ನೂರೈವತ್ತು ವರ್ಷದ್ದು.

ಹಲಗೆಯ ಮೇಲೆ ನಾಲ್ಕು ಸಾಲು ಬರೆದೆ,
ಮೂವತ್ತೇ ಅಕ್ಷರ: ಹತ್ತು, ಆರು, ಏಳು, ಏಳು.
ವಿಷಯ ಮುಪ್ಪು. ಹಳೆಯ ಸ್ಪರ್ಧೆಯ ಪುಸ್ತಕದಲ್ಲಿ ಸಿಕ್ಕಿದ್ದು,
ಕೆಳಗೆ ಯಾರದೋ ಗುಪ್ತನಾಮ.

"ಕೇಳಿ," ಎಂದೆ, "ಮೊದಲರ್ಧದಲ್ಲಿ ನ, ತ, ದ, ರ.
ಯತಿ.
ಮತ್ತೆ ನ, ತ, ದ, ರ, ಅದೇ ವರಸೆ.
ನಡುವಿನ ಸ್ವರ ಮಾತ್ರ ಬೇರೆ:
ಅಲ್ಲಿ ಈ ಇದ್ದರೆ ಇಲ್ಲಿ ಓ,
ಆ ಇದ್ದಲ್ಲಿ ಊ.
ವ್ಯಂಜನ ಎಲುಬು, ಸ್ವರ ಚರ್ಮ.
ವಯಸ್ಸಾಗುವುದೆಂದರೆ ಇಷ್ಟೇ ಎನ್ನುತ್ತದೆ ಪದ್ಯ,
ಅದೇ ಎಲುಬಿನ ಮೇಲೆ ಬೇರೆ ದನಿ."
ಕೆಂಪು ಚಾಕಿನಿಂದ ನಕಾರಕ್ಕೆ ನಕಾರ ಗಂಟು ಹಾಕಿದೆ,
ತಕಾರಕ್ಕೆ ತಕಾರ. ಹಲಗೆ ಜೇಡರ ಬಲೆಯಾಯಿತು.
ನನಗೇ ನನ್ನ ಮಾತು ಹಿಡಿಸಿತು.

ಹಿಂದಿನ ಬೆಂಚಿನಿಂದ ಟೆಗ್ವಿನ್ ಕೈಯೆತ್ತಿದ.
ಎಂಬತ್ತಮೂರು. ಗಣಿಯಲ್ಲಿ ನಲವತ್ತು ವರ್ಷ
ಉಳಿಯಿಟ್ಟು ಕಲ್ಲನ್ನು ಹಾಳೆಹಾಳೆಯಾಗಿ ಸೀಳಿದವನು.
ತಿಂಗಳಿಂದ ಬಾಯಲ್ಲಿ ಹಲ್ಲಿಲ್ಲ,
ಹೊಸ ಸೆಟ್ಟು ಬ್ಯಾಂಗರಿನಿಂದ ಬರಬೇಕಂತೆ.
"ನಾನೊಮ್ಮೆ ಓದಲೇ?"

ಓದಿದ, ಹಲಗೆ ನೋಡದೆ.
ನಕಾರವಿಲ್ಲ. ತಕಾರ ಬರಿಯ ಗಾಳಿ.
ದಕಾರ ವಸಡಿಗೆ ತಾಗಿ ಜಾರಿತು.
ಹಲ್ಲಿಲ್ಲದವನಿಗೆ ವ್ಯಂಜನ ಎಲ್ಲಿಂದ ಬರಬೇಕು?
ನಾನು ಬಿಗಿದ ಗಂಟುಗಳು ಒಂದೊಂದೇ ಕಳಚಿ
ಉಳಿದದ್ದು ಈ, ಓ, ಆ, ಊ,
ಸುರಂಗದ ಆ ತುದಿಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ:
ಹೆಸರು ತಿಳಿಯದು, ಕರೆ ತಿಳಿಯುತ್ತದೆ.

ಯತಿಯೂ ನಾನು ಗೆರೆ ಎಳೆದಲ್ಲಿ ಬೀಳಲಿಲ್ಲ.
ಧೂಳು ತಿಂದ ಎದೆ, ಮೂರನೆಯ ಸಾಲಿನ ಐದನೆಯ ಅಕ್ಷರಕ್ಕೆ ನಿಂತಿತು,
ಸಿಳ್ಳೆ ಹಾಕಿತು.
ಅವನು ಜೇಬು ತಡಕಿ ಪಂಪು ತೆಗೆದು
ಎರಡು ಸಲ ಒತ್ತಿಕೊಂಡು ಮುಂದೆ ಹೋದ.
ಈ ಯತಿಗೆ ಯಾವ ಲಕ್ಷಣಗ್ರಂಥದಲ್ಲೂ ಹೆಸರಿಲ್ಲ.

"ಬಾಯಿಪಾಠ ಹೇಗೆ?" ಎಂದೆ.
"ಬರೆದವನು ನಾನೇ. ಇಪ್ಪತ್ತಾರರಲ್ಲಿ.
ಬಾಯಿ ತುಂಬ ಹಲ್ಲಿತ್ತು. ಮುಪ್ಪು ಅಂದರೆ
ಒಳ್ಳೆ ಪ್ರಾಸ ಸಿಗುತ್ತದೆ ಅಂತ ಬರೆದೆ, ಅಷ್ಟೆ.
ಎರಡನೆಯ ಬಹುಮಾನ ಬಂತು.
ತೀರ್ಪುಗಾರ ಹೇಳಿದ್ದ, ನಾದ ತುಸು ಹೆಚ್ಚಾಯಿತು."

ಯಾರೂ ನಗಲಿಲ್ಲ.
ಮುಂದೆ ಕೂತಿದ್ದ ನೆಸ್ಟಾ, ಕಿವಿಯ ಯಂತ್ರ ತಿರುವುತ್ತ ಅಂದಳು:
"ಹೆಲೆದ್, ಬೇಜಾರಾಗಬೇಡ. ನೀನು ಓದಿದ್ದು
ನನಗೊಂದಕ್ಷರ ಕೇಳಲಿಲ್ಲ.
ಅವನದು ಪೂರ್ತಿ ಕೇಳಿಸಿತು."

ನಾನು ಡಸ್ಟರು ಹಿಡಿದು ನಿಂತೇ ಇದ್ದೆ.

ಎಂಟಕ್ಕೆ ಚಹಾ.
ಟೆಗ್ವಿನ್ ಬಿಸ್ಕತ್ತು ಅದ್ದಿ ಹಿಡಿದು ಎಣಿಸುತ್ತಾನೆ, ತುಟಿಯಲ್ಲೇ:
ಹತ್ತು, ಆರು, ಏಳು.
ಕೊನೆಯ ಏಳಕ್ಕೆ ಮೊದಲೇ ಅದು ಮೆತ್ತಗಾಗಿ
ಕಪ್ಪಿನೊಳಗೆ ಬಿದ್ದುಹೋಯಿತು.
"ಚಮಚ ಕೊಡು," ಎಂದ.